ಇಲ್ಲದವನ ಈಡು

ಮಡಕೆ ಒಡೆಯುವುದೇನು ದೊಡ್ಡ ಕೆಲಸವಲ್ಲ; ಒಡೆದ ಮೇಲೆ ಯಾವ ಚೂರು ಯಾರದು ಎಂದು ಹೇಳುವುದು ಕಷ್ಟ. ಇತ್ರಾನ್ ಬೇಳೆ ಬೇಯಿಸುವ ಹಳೆಯ ಮಡಕೆಯನ್ನು ಹೊಸ್ತಿಲ ಕಲ್ಲಿಗೆ ಕುಕ್ಕಿ, ಚೂರುಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತಾಗಿತ್ತು. ನಿನ್ನೆ ಊರಿನ ಹಿರಿಯ ಅಬೀಷೂರ್ ಓಣಿ ಓಣಿಗೆ ಬಂದು ಹೇಳಿ ಹೋಗಿದ್ದ. ಅರಮನೆಯವರು ಬಂದಾಗ ಮಾಡಿದ ಎಣಿಕೆಯಲ್ಲಿ ಎಲ್ಲೋ ಹುಳುಕಿದೆ, ಜ್ವರ ಊರು ಬಿಡದಿರುವುದು ಅದಕ್ಕೇ. ಬಿಸಿಲೇರುವ ಹೊತ್ತಿಗೆ ಪ್ರತಿ ಮನೆಯವನೂ ತನ್ನ ಮನೆಯ ಗಂಡಸರಿಗೆ ತಲೆಗೊಂದರಂತೆ ಮಡಕೆಚೂರು ತಂದು ಊರಬಾಗಿಲಲ್ಲಿ ಇಡಬೇಕು; ಅಂದು ಪ್ರಾಣಕ್ಕೆ ಈಡಾಗಿ ಕೊಟ್ಟ ಬೆಳ್ಳಿಗೂ ಇಂದಿನ ಚೂರಿಗೂ ತಾಳೆ ನೋಡಬೇಕು. ಜನರ ತಲೆಗೆ ಬೆರಳು ತೋರಿಸಿ ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಕುರಿ ಎಣಿಸಬಹುದು, ಕಣದಲ್ಲಿ ಮೂಟೆ ಎಣಿಸಬಹುದು. ಮನುಷ್ಯರನ್ನು ಎಣಿಸಬೇಕಾದಾಗ ಅವರ ಬದಲು ಇನ್ನೇನನ್ನಾದರೂ ಎಣಿಸಬೇಕು. ಮಕ್ಕಳೆಷ್ಟು ಎಂದು ಯಾರಾದರೂ ತಿಳಿಯದೆ ಕೇಳಿದರೆ ನಮ್ಮ ಹೆಂಗಸರು ಪಕ್ಕಕ್ಕೆ ಉಗುಳಿ ಮಾತು ಬದಲಿಸುತ್ತಾರೆ. ಇತ್ರಾನ್ ಬೇಕಾದ ಚೂರುಗಳನ್ನು ಆರಿಸುತ್ತಿದ್ದ. ಒಂದು ತನಗೆ, ಇನ್ನೊಂದು ಮಗ ಯೇಷೆರನಿಗೆ.

“ಯೇಷೆರನಪ್ಪಾ,” ಒಳಗಿನಿಂದ ಹೆಲಾ ಕರೆದಳು. ಜ್ವರದಲ್ಲಿ ಅವಳ ದನಿ ಒಣಗಿದ ತೊಗಲಿನಂತಾಗಿತ್ತು. “ಕೆಂಪು ಗೆರೆ ಇರೋ ಚೂರು ಅವನಿಗಿರಲಿ. ಒರಟೊರಟು ಚೂರು ತಗೊಂಡು ಹೋಗಿ ಇಡಬೇಡಿ.”

“ಹೂಂ.”

“ಅಂಚು ಕಲ್ಲಿಗೆ ಉಜ್ಜಿ. ಚುಚ್ಚಬಾರದು.”

ಯಾರಿಗೆ ಚುಚ್ಚುತ್ತದೆ ಎಂದು ಅವನು ಕೇಳಲಿಲ್ಲ. ಕೆಂಪು ಗೆರೆಯ ಚೂರನ್ನು ಹೊಸ್ತಿಲಿಗೆ ಉಜ್ಜತೊಡಗಿದ. ಯೇಷೆರ್ ಸತ್ತಿದ್ದಾನೆ ಎಂಬುದು ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತು. ಹೆಲಾಳ ಲೆಕ್ಕದಲ್ಲಿ, ಊರಿನ ಲೆಕ್ಕದಲ್ಲಿ, ಮಗ ಒಂಟೆ ವ್ಯಾಪಾರಿಗಳ ಜೊತೆ ತೆಂಕಣ ಮರುಭೂಮಿಗೆ ಹೋದವನು. ಒಂದು ದಿನ ಸುಗಂಧದ ಗಂಟನ್ನೋ, ಗಾಯದ ಕಲೆಯನ್ನೋ ಹೊತ್ತು ಬರುವವನು. ಬಾರದೆ ಎಲ್ಲಿಗೆ ಹೋಗುತ್ತಾನೆ, ಹೊಟ್ಟೆ ಹಸಿದರೆ ಮನೆ ನೆನಪಾಗುತ್ತದೆ ಎಂದು ಹೆಲಾ ಹೇಳುತ್ತಿದ್ದಳು. ಅವಳು ಮೂರು ಕೊಯ್ಲುಗಳಿಂದ ಹೊಸ ಜವೆಗೋದಿಯ ಮೊದಲ ರೊಟ್ಟಿಯನ್ನು ಎತ್ತಿಡುತ್ತಿದ್ದಳು. ಅದು ಒಣಗಿ ಬಿರಿದ ಮೇಲೆ ಇತ್ರಾನನೇ ನೀರಲ್ಲಿ ನೆನೆಸಿ ತಿನ್ನುತ್ತಿದ್ದ, ಮಗನ ಪಾಲು ತಿನ್ನುತ್ತಿದ್ದೇನೆ ಎಂದು ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು, ಆದರೂ ತಿನ್ನುತ್ತಿದ್ದ, ಏಕೆಂದರೆ ಹಸಿವಿಗೆ ನಾಚಿಕೆಯಿಲ್ಲ.

ಎಣಿಕೆ ಬಂದದ್ದು ಈ ಸಲದ ಜವೆಗೋದಿ ಇನ್ನೂ ಹಸಿರಾಗಿದ್ದಾಗ. ಅರಮನೆಯವರಿಗೆ ಕೋಟೆಗೋಡೆ ಕಟ್ಟಲು ಆಳು ಬೇಕಾಗಿತ್ತೋ, ಯುದ್ಧಕ್ಕೆ ಬೇಕಾಗಿತ್ತೋ, ಊರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಗಂಡಸರನ್ನು ಸಾಲಾಗಿ ನಿಲ್ಲಿಸಿ ಎಂದಷ್ಟೇ ಬಂದವರು ಹೇಳಿದ್ದು. ಅಬೀಷೂರ್ ಒಪ್ಪಲಿಲ್ಲ. ಹಲ್ಲಿಲ್ಲದ ಬಾಯಿ, ಬಗ್ಗಿದ ಬೆನ್ನು, ಆದರೆ ಕತ್ತಿಯವರ ಮುಂದೆ ಅವನು ಕದಲಲಿಲ್ಲ. “ಕುರಿ ಎಣಿಸೋನು ಕುರಿ ಒಡೆಯ ಕಣಯ್ಯ,” ಎಂದಿದ್ದ ಅರಮನೆಯವನಿಗೆ, “ನಮ್ಮ ಒಡೆಯ ನೀನಲ್ಲ, ನಿನ್ನ ದೊರೆಯೂ ಅಲ್ಲ. ಎಣಿಸಿದ್ರೆ ಮೇಲಿನವನ ಕಣ್ಣು ಒಬ್ಬೊಬ್ಬನ ಮುಖದ ಮೇಲೂ ಬೀಳುತ್ತೆ. ಗುಂಪಲ್ಲಿದ್ದಾಗ ಹೇಗೋ ತಪ್ಪಿಸ್ಕೋತೀವಿ, ಒಬ್ಬನೇ ಆದಾಗ ಆ ಕಣ್ಣಿಗೆ ತಡ್ಕೊಂಡು ನಿಲ್ಲೋ ಗಂಡಸು ಯಾವನಿದ್ದಾನೆ? ನಮ್ಮಜ್ಜನ ಕಾಲದಲ್ಲಿ ಹೀಗೇ ಎಣಿಸಿ ಹೋದ್ರು, ಹೂಳೋಕೆ ಜನ ಸಾಲಲಿಲ್ಲ. ಮೊದಲು ಈಡು. ಆಮೇಲೆ ಎಣಿಕೆ.” ಈಡೆಂದರೆ ತಲೆಗೆ ಅರ್ಧ ಶೆಕೆಲ್ ತೂಕದ ಬೆಳ್ಳಿ. ಪ್ರಾಣಕ್ಕೆ ಪ್ರತಿಯಾಗಿ, ಮುಖದ ಮುಂದೆ ಅಡ್ಡ ಹಿಡಿದ ಅಂಗೈಯಂತೆ. ಹೊಲವಿದ್ದವನು ಹೆಚ್ಚು ಕೊಡುವಂತಿಲ್ಲ, ಹೊಲವಿಲ್ಲದವನು ಕಡಿಮೆ ಕೊಡುವಂತಿಲ್ಲ. ಅರ್ಧವೇ ಏಕೆ ಎಂದು ಯಾವನೋ ಕುಚೋದ್ಯಕ್ಕೆ ಕೇಳಿದಾಗ ಅಬೀಷೂರ್, “ಪೂರ್ತಿ ಬೆಲೆ ಬಾಳೋನು ಈ ಊರಲ್ಲಿ ಯಾರಿದ್ದೀರಿ?” ಎಂದು ನಗಿಸಿದ್ದ.

ದಾರಿಯ ಮೇಲಿರುವವನ ಈಡನ್ನು ಮನೆಯವರು ಕೊಡಬಹುದು. ಆ ಬೆಳಗ್ಗೆ ಹೆಲಾ ಎಣ್ಣೆ ಹಚ್ಚಿ ತನ್ನ ತಾಯಿ ಕೊಟ್ಟ ಬೆಳ್ಳಿ ಬಳೆಯನ್ನು ಕೈಯಿಂದ ಕಳಚಲು ಪರದಾಡುತ್ತಿದ್ದುದು, ಗೆಣ್ಣಿನ ಚರ್ಮ ಸುಲಿದು ಕೆಂಪಾದದ್ದು, ಕೊನೆಗೆ ಬಳೆ ಬಂದಾಗ ಅವಳು ಚಿಕ್ಕ ಹುಡುಗಿಯಂತೆ ನಕ್ಕದ್ದು ಇತ್ರಾನನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. “ಅವನು ಎಲ್ಲಿದ್ರೂ ಆ ಕಣ್ಣು ಅವನ ಮೇಲೂ ಬೀಳುತ್ತಲ್ವಾ? ಬರಿ ಮುಖದಲ್ಲಿ ಇರಬಾರದು ನನ್ನ ಮಗ.” ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ಬಳೆಯನ್ನು ಉಳಿಯಿಂದ ಕತ್ತರಿಸಿ, ತೂಗಿಸಿ, ಊರಬಾಗಿಲಲ್ಲಿ ಅಬೀಷೂರನ ಚೀಲದೊಳಕ್ಕೆ ಮೊದಲು ತನ್ನದನ್ನು ಹಾಕಿ ತನ್ನ ಹೆಸರು ಹೇಳಿದ. ಹೆಂಗಸರ ಗುಂಪಿನಿಂದ ಹೆಲಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಎರಡನೆಯದನ್ನೂ ಹಾಕಿದ. ಹೆಸರು ಹೇಳುವಾಗ ನಾಲಿಗೆ ಅಂಟಿತು, ಜೋರಾಗಿ ಹೇಳೋ ಎಂದು ಹಿಂದಿನವನು ಬೆನ್ನಿಗೆ ತಿವಿದ, ಜೋರಾಗಿ ಹೇಳಿದ. ಯೇಷೆರ್. ಸತ್ತವನ ಹೆಸರನ್ನು ಬದುಕಿದವರ ಸಾಲಿನಲ್ಲಿ ಕೂಗಿದ್ದ. ಆಮೇಲೆ ಅವನಿಗೆ ಹೊಳೆದದ್ದು, ಕೂಗಿದ ಮೇಲೆ ಆ ಕಣ್ಣು ಹುಡುಕದೆ ಬಿಡುತ್ತದೆಯೇ ಎಂದು. ಬೆಳ್ಳಿ ಇಲ್ಲಿದೆ, ಮುಖ ಎಲ್ಲಿ? ಒಂಟೆಗಳ ದಾರಿಯಲ್ಲೆಲ್ಲ ಹುಡುಕಿ, ಬಾವಿಗಳಲ್ಲಿ ಇಣುಕಿ, ಡೇರೆಗಳ ಪರದೆ ಎತ್ತಿ, ಕೊನೆಗೆ ಅದು ಉಪ್ಪಿನ ಕಡಲಿಗೆ ಇಳಿಯುತ್ತದೆ. ಉಪ್ಪಿನಲ್ಲಿ ಇಟ್ಟದ್ದು ಕೆಡುವುದಿಲ್ಲ. ಮೀನಾದರೂ ಮಾಂಸವಾದರೂ. ಆಲಿವ್ ಕಾಯಾದರೂ. ಯೇಷೆರ್ ಅಲ್ಲಿ ಹಾಗೆಯೇ ನಿಂತಿದ್ದಾನೆ, ತಲೆಯ ಒಂದು ಕೂದಲೂ ನರೆಯದೆ, ಬಾಯಿ ತೆರೆದುಕೊಂಡು.

ಆ ದಿನ ಅಪ್ಪ ಮಗ ಇಬ್ಬರೂ ಉಪ್ಪು ತರಲು ಅಲ್ಲಿಗೆ ಹೋಗಿದ್ದರು. ದಡದಲ್ಲಿ ಉಪ್ಪು ಹೆಪ್ಪುಗಟ್ಟಿ ಬಿಳಿ ನೆಲದಂತೆ ಕಾಣುತ್ತದೆ, ಕಾಣುವುದಷ್ಟೇ. ಅಂಚಿನಲ್ಲಿ ಕೆರೆದರೆ ಮಣ್ಣು ಬೆರೆತ ಉಪ್ಪು ಸಿಗುತ್ತದೆ, ಮಾರಾಟಕ್ಕೆ ಅದು ಸಾಕು. ಅವ್ವನಿಗೆ ಬೆಳ್ಳಗಿರೋದು ಬೇಕು ಎಂದು ಯೇಷೆರ್ ಒಳಗೊಳಗೆ ಹೋದ. ಬೇಡ ಎಂದದ್ದು ನೆನಪಿದೆಯೇ? ಎಂದಿದ್ದೆ ಎಂದು ಕೆಲವು ದಿನ ಅನ್ನಿಸುತ್ತದೆ. ಮೊದಲು ಸುಟ್ಟ ರೊಟ್ಟಿ ಮುರಿದಂಥ ಸದ್ದು. ಮೊಣಕಾಲವರೆಗೆ ಇಳಿದು ಯೇಷೆರ್ ನಕ್ಕ. ಕೆಳಗೆ ಕೆಸರಿನ ಹೊಂಡವಿತ್ತು. ತೊಡೆಯವರೆಗೆ ಬಂದಾಗ ನಗು ನಿಂತಿತು. “ಅಪ್ಪಾ, ಹಗ್ಗ ಎಸಿ.” ಇದ್ದ ಒಂದೇ ಹಗ್ಗ ಕತ್ತೆಯ ಕೊರಳಿನಲ್ಲಿತ್ತು. ಕತ್ತೆ ಸ್ವಂತದ್ದಲ್ಲ, ಬೀಗ ತೀಲೋನನದು. ಸದ್ದಿಗೆ ಬೆದರಿ ಜಗ್ಗಾಡುತ್ತಿತ್ತು, ಹೇರು ಬೇರೆ ಇತ್ತು. ಬಿಟ್ಟರೆ ಓಡುತ್ತದೆ, ಓಡಿದರೆ ಬೀಗನಿಗೆ ಏನು ಹೇಳುವುದು ಎಂದು ಮನಸ್ಸು ಹೇಳಿತು, ಅಥವಾ ಮನಸ್ಸೂ ಹೇಳಲಿಲ್ಲ, ಕೈಗಳೇ ಹೇಳಿದವು. ಇತ್ರಾನ್ ನಡುವಿನ ಪಟ್ಟಿ ಬಿಚ್ಚಿ, ಕತ್ತೆಯ ಕಾಲನ್ನು ಮುಳ್ಳುಗಿಡದ ಬೊಡ್ಡೆಗೆ ಕಟ್ಟಿದ. ಒಂದು ಗಂಟು ಸಾಲದೆಂದು ಮೇಲೆ ಇನ್ನೊಂದು ಹಾಕಿದ. ಆಮೇಲೆ ಹಗ್ಗ ಬಿಚ್ಚಿಕೊಂಡು ತಿರುಗಿದರೆ ಬಿಳಿ ನೆಲದಲ್ಲಿ ಒಂದು ಕಪ್ಪು ತೂತಿತ್ತು, ಅದರ ಬಾಯಲ್ಲಿ ಗುಳ್ಳೆಗಳಿದ್ದವು. ಹಗ್ಗ ಎಸೆದ. ಎಸೆದು ಎಳೆದ, ಮತ್ತೆ ಎಸೆದ. ಹೊತ್ತು ಮುಳುಗಿ ಕೈ ಕಾಣದಾಗುವವರೆಗೆ ಎಸೆಯುತ್ತಿದ್ದ, ಕತ್ತೆ ಸುಮ್ಮನೆ ನಿಂತು ನೋಡುತ್ತಿತ್ತು.

ಮರುದಿನ ಊರಿಗೆ ಬಂದು ಸೇರಿದಾಗ ಹೆಲಾ ಮಾಳಿಗೆಯ ಮೇಲೆ ಅಂಜೂರ ಹರವುತ್ತಿದ್ದಳು. ಅಲ್ಲಿಂದಲೇ ಕೂಗಿ ಕೇಳಿದಳು, “ಎಲ್ಲಿ ಇವನು? ಆ ಒಂಟೆಯೋರ ಜೊತೆ ಹೋದ್ನಾ?” ಒಂಟೆಯವರ ಜೊತೆ ಹೋಗುವ ಹುಚ್ಚು ಯೇಷೆರನಿಗೆ ಇದ್ದದ್ದು ನಿಜ, ಅದಕ್ಕಾಗಿ ಮನೆಯಲ್ಲಿ ಜಗಳವೂ ಆಗಿತ್ತು. ಇತ್ರಾನ್ ತಲೆಯಾಡಿಸಿದ. ಅಷ್ಟೇ. ಒಂದು ಮಾತನ್ನೂ ಅವನು ಕಟ್ಟಲಿಲ್ಲ. ಕತೆಯನ್ನೆಲ್ಲ ಅವಳೇ ಕಟ್ಟಿಕೊಂಡಳು, ಬೈದಳು, ಅತ್ತಳು, ಮೂರನೆಯ ದಿನ ನೆರೆಯವರಿಗೆ ಹೆಮ್ಮೆಯಿಂದ ಹೇಳಿದಳು. ಅಂದಿನಿಂದ ಅವನು ಉಪ್ಪಿಗೆ ಹೋಗಲಿಲ್ಲ. ಉಪ್ಪಿನ ಇತ್ರಾನ್ ಬೇರೆಯವರ ಹತ್ತಿರ ಉಪ್ಪು ಕೊಳ್ಳುವುದು ಊರಿಗೆ ಒಂದು ತಮಾಷೆಯಾಯಿತು. ಗಾಣಿಗನ ಮನೆ ದೀಪಕ್ಕೆ ಎಣ್ಣೆಯಿಲ್ಲ ಎಂದು ನಕ್ಕರು. ಅವನೂ ಜೊತೆಗೆ ನಗುತ್ತಿದ್ದ. ಈಗಲೂ, ಎಣಿಕೆಯಾದ ಮೇಲಂತೂ, ಮಾಳಿಗೆಯ ಮೇಲೆ ಯಾರೋ ಒಣ ರೊಟ್ಟಿಯ ಮೇಲೆ ನಡೆದಂತೆ ಸದ್ದಾಗುತ್ತದೆ. ಹೋಗಿ ನೋಡಿದರೆ ಏನೂ ಇರುವುದಿಲ್ಲ, ಇರುವುದಿಲ್ಲ ಎಂದು ಗೊತ್ತಿದ್ದೂ ಅವನು ಹೋಗಿ ನೋಡುತ್ತಾನೆ.

“ಇನ್ನೂ ಉಜ್ತಾ ಇದೀರಾ?” ಹೆಲಾ ಕೇಳಿದಳು. “ಹೊತ್ತಾಯ್ತು. ಹೋಗಿ.”

ಅವನು ಒಳಗೆ ಹೋಗಿ ನೀರಿನ ಗಡಿಗೆಯನ್ನು ಅವಳ ಕೈಗೆಟುಕುವಂತೆ ಇಟ್ಟ. ಹಣೆ ಮುಟ್ಟಿದ. ಒಲೆಯ ಗೋಡೆ ಮುಟ್ಟಿದಂತಿತ್ತು. ಮುಖ ಕಿರಿದಾಗಿತ್ತು, ತುಟಿ ಸೀಳಿತ್ತು, ಕಣ್ಣು ಮಾತ್ರ ತುಂಬ ಹೊಳೆಯುತ್ತಿತ್ತು, ಅದೇ ಅವನಿಗೆ ಹೆದರಿಕೆ. ತೀಲೋನನ ಮಗಳು ನಾರಾಳ ಕಣ್ಣುಗಳೂ ಕೊನೆಯ ದಿನ ಹೀಗೇ ಹೊಳೆದವೆಂದು ಹೆಂಗಸರು ಹೇಳಿದ್ದರು. ಈಗ ಹೇಳಿಬಿಡಬೇಕು ಎನ್ನಿಸಿತು. ಹೇಳಿದರೆ ಇವಳು ಈ ಕ್ಷಣವೇ ಸಾಯುತ್ತಾಳೆ. ಮಗ ಬರುತ್ತಾನೆಂಬ ಒಂದೇ ನೂಲಿನಲ್ಲಿ ಇವಳ ಉಸಿರು ನೇತಾಡುತ್ತಿದೆ. ಹೇಳದಿದ್ದರೆ ಸುಳ್ಳು ಎಣಿಕೆಗೆ ಬಂದ ಜ್ವರ ಇವಳನ್ನು ಒಯ್ಯುತ್ತದೆ. ಎರಡೂ ಕಡೆ ಇವಳೇ. ಎಣಿಕೆಯಲ್ಲಿ ಸುಳ್ಳು ಹೇಳಿದವನು ತಾನು, ತನ್ನ ಮೈ ಕಲ್ಲಿನ ಹಾಗೆ ತಣ್ಣಗಿದೆ. ಹೆಂಗಸರ ಹೆಸರಿನಲ್ಲಿ ಈಡು ಇಲ್ಲ, ಅವರನ್ನು ಯಾರೂ ಎಣಿಸುವುದಿಲ್ಲ, ಹಾಗಿದ್ದೂ ಜ್ವರ ಹೆಂಗಸರನ್ನೇ ಹುಡುಕಿಕೊಂಡು ಬಂದದ್ದು ಯಾವ ನ್ಯಾಯವೋ ಅವನಿಗೆ ತಿಳಿಯಲಿಲ್ಲ.

ಓಣಿಯಲ್ಲಿ ತೀಲೋನ್ ತನ್ನ ಬಾಗಿಲಲ್ಲಿ ಬರಿ ನೆಲದ ಮೇಲೆ ಕೂತಿದ್ದ. ಎದೆಯ ಬಳಿ ಹರಿದ ಅಂಗಿ, ತಲೆಯ ಮೇಲೆ ಬೂದಿ. ನಾರಾಳನ್ನು ಹೂತು ಇನ್ನೂ ವಾರ ತುಂಬಿರಲಿಲ್ಲ. ಯೇಷೆರನಿಗೆಂದು ನಿಶ್ಚಯವಾದ ಹುಡುಗಿ. ಒಂಟೆಯವರು ವಾಪಸು ಬರುವ ಕಾಲಕ್ಕೆಲ್ಲ ಬಾವಿಕಟ್ಟೆಯಲ್ಲಿ ಎಲ್ಲರಿಗಿಂತ ತಡವಾಗಿ ನೀರು ಸೇದುತ್ತಿದ್ದಳು.

“ಬಾ ಬೀಗ,” ಎಂದ ತೀಲೋನ್. “ಇಬ್ಬರದೂ ತಂದ್ಯಾ?”

“ಹೂಂ.”

“ಕೆಂಪು ಗೆರೆದು ಅಳಿಯಂದಿರದೋ? ಚೆನ್ನಾಗಿದೆ. ಸತ್ತು ಹೋದೋಳ ಗಂಡ, ಇನ್ನೂ ಮೆರೆಸ್ತಾ ಇದೀರಿ.” ನಗಲು ನೋಡಿ ಕೆಮ್ಮಿದ. “ಬೇಜಾರು ಮಾಡ್ಕೋಬೇಡ. ನಾಲಿಗೆ ಹಿಡಿತಕ್ಕೆ ಸಿಗ್ತಿಲ್ಲ. ಹೆಲಾ ಹೇಗಿದ್ದಾಳೆ?”

“ಸುಡ್ತಾ ಇದಾಳೆ.”

“ಹೆಣ್ಣುಮಕ್ಕಳಿಗೆ ಈಡಿಲ್ಲ ನೋಡು. ಇದ್ದಿದ್ರೆ ಮನೆ ಮಾರಿ ಕೊಟ್ಟುಬಿಡ್ತಿದ್ದೆ.”

“ಮನೆ ಮಾರಿದ್ರೂ ಅರ್ಧಕ್ಕಿಂತ ಜಾಸ್ತಿ ತಗೋತಿರಲಿಲ್ಲ ಅಬೀಷೂರ್.”

“ಅದೂ ಸರಿ ಅನ್ನು.” ತೀಲೋನ್ ಗೋಡೆ ಹಿಡಿದು ಎದ್ದ. ಅವನ ಕೈಯಲ್ಲೂ ಚೂರುಗಳಿದ್ದವು, ಅವನದು, ಗಂಡುಮಕ್ಕಳದು. “ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ಯಾವನು ತಿಂದಿದ್ದಾನೋ ಕಾಣೆ. ಕುಡಿದದ್ದು ಮಾತ್ರ ನಮ್ಮನೆ ಹುಡುಗಿ.”

ಉಪ್ಪು ಎಂಬ ಮಾತಿಗೆ ಇತ್ರಾನನ ಕಾಲು ತಡವರಿಸಿತು. ತೀಲೋನ್ ತೋಳು ಹಿಡಿದುಕೊಂಡ. ಇಬ್ಬರೂ ಹಾಗೆಯೇ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಮದುವೆ ದಿಬ್ಬಣದ ಮುದುಕರಂತೆ ಊರಬಾಗಿಲಿಗೆ ನಡೆದರು. ಚೂರು ಇಟ್ಟುಬಿಡುವುದು, ಹೆಸರು ಹೇಳಿಬಿಡುವುದು ಎಂದು ಇತ್ರಾನ್ ನಿಶ್ಚಯಿಸಿದ್ದ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದೇನು ಕಷ್ಟ. ತೀಲೋನನ ಬೆರಳುಗಳು ತೋಳಿಗೆ ಬಿಸಿಯಾಗಿ ತಾಗುತ್ತಿದ್ದವು. ಅಂದು ಊರಿಗೆ ಬಂದು ಕತ್ತೆಯನ್ನು ತಿರುಗಿ ಒಪ್ಪಿಸಿದಾಗ ಈ ಬೀಗ ಅದರ ಮೈ ಸವರಿ, ಕಾಲು ಎತ್ತಿ ನೋಡಿ, ಜೋಪಾನವಾಗಿ ತಂದಿದ್ದೀಯ ಎಂದು ಮೆಚ್ಚಿದ್ದ. ಆ ಮೆಚ್ಚುಗೆಗೆ ಮನಸ್ಸು ಒಂದು ಕ್ಷಣ ಹಿಗ್ಗಿತ್ತು. ಹಿಗ್ಗಿತ್ತು, ಅದನ್ನು ಯಾರಿಗೆ ಹೇಳುವುದು.

ಊರಬಾಗಿಲ ಕಲ್ಲುಬೆಂಚಿನ ಮೇಲೆ ಅಬೀಷೂರ್ ಕೂತಿದ್ದ, ಮುಂದೆ ಬುಟ್ಟಿ, ಪಕ್ಕದಲ್ಲಿ ಬೆಳ್ಳಿಯ ಚೀಲ. ಯಾರಾದರೂ ಚೂರಿಟ್ಟು ಹೆಸರು ಹೇಳಿದರೆ ಮುದುಕ ಚೀಲದಿಂದ ಒಂದು ಬೆಳ್ಳಿ ತೆಗೆದು ಬೆಂಚಿನ ಮೇಲಿಡುತ್ತಿದ್ದ. ಬಾಗಿಲಾಚೆ ಬಾವಿಯ ಬಳಿ ಕೆಲವು ಹೆಂಗಸರು ಕೊಡ ಇಳಿಸಿ ನಿಂತಿದ್ದರು. ಗಂಡಸರ ಮುಖಗಳಲ್ಲಿ ಒಂದು ಬಗೆಯ ಕಳ್ಳ ಎಚ್ಚರವಿತ್ತು. ತಾನಲ್ಲದಿರಲಿ, ಇನ್ನೊಬ್ಬನಾಗಿರಲಿ ಎಂದು ಎಲ್ಲರೂ ಬೇಡಿಕೊಳ್ಳುವಾಗ ಮುಖ ಹೀಗಾಗುತ್ತದೆ. ತೀಲೋನ್ ತನ್ನವನ್ನು ಇಟ್ಟ. ಇತ್ರಾನನ ಸರದಿ ಬಂತು. ತನ್ನ ಚೂರು ಇಟ್ಟು ಹೆಸರು ಹೇಳಿದ. ಬೆಳ್ಳಿ ಬೆಂಚಿಗೆ ಬಂತು.

“ಯೇಷೆರಂದು ಇಡು,” ಎಂದ ಅಬೀಷೂರ್.

ಕೈ ಬುಟ್ಟಿಯ ಮೇಲೆ ಹೋಯಿತು, ತೆರೆಯಲಿಲ್ಲ. ನುಣ್ಣಗಾದ ಅಂಚು ಅಂಗೈಗೆ ಒತ್ತುತ್ತಿತ್ತು. ಇಲ್ಲಿ ಹೆಲಾ ಇಲ್ಲ ಎಂಬುದು ಇದ್ದಕ್ಕಿದ್ದಂತೆ ಅವನಿಗೆ ತಿಳಿಯಿತು. ಅಂದು ಕತ್ತು ಉದ್ದ ಮಾಡಿ ನೋಡುತ್ತಿದ್ದವಳು ಇಂದು ಚಾಪೆಯ ಮೇಲಿದ್ದಾಳೆ. ಇಲ್ಲಿ ಹೇಳಿದರೆ ಎಣಿಕೆ ಸರಿಹೋಗುತ್ತದೆ, ಅವಳು ಉಳಿಯುತ್ತಾಳೆ, ಅವಳಿಗೆ ಆಮೇಲೆ ಎಂದಾದರೂ ಮೆಲ್ಲಗೆ ಹೇಳಬಹುದು. ಇದು ಧೈರ್ಯವಲ್ಲ, ಹೇಡಿತನ ಕಂಡುಕೊಂಡ ಒಳದಾರಿ ಎಂಬುದೂ ಅದೇ ಕ್ಷಣ ತಿಳಿಯಿತು. ತಿಳಿದರೂ ಅದನ್ನೇ ಹಿಡಿದ.

“ಇದನ್ನ ಇಡೋಕಾಗಲ್ಲ,” ಎಂದ.

“ದಾರಿ ಮೇಲಿರೋನಿಗೂ ಈಡುಂಟಪ್ಪ. ಇಡು.”

“ದಾರಿ ಮೇಲಿಲ್ಲ ಅವನು. ಉಪ್ಪಿನ ಕಡಲಲ್ಲಿದ್ದಾನೆ. ಹೊಂಡದಲ್ಲಿ ಹೋದ. ಅವತ್ತೇ ಹೋದ.”

ಬೈಗುಳ ಬರುತ್ತದೆ, ಕಲ್ಲು ಬೀಳುತ್ತದೆ ಎಂದುಕೊಂಡು ಅವನು ಭುಜ ಕುಗ್ಗಿಸಿದ್ದ. ಏನೂ ಬೀಳಲಿಲ್ಲ. ತಲೆ ಎತ್ತಿದರೆ ಎಲ್ಲರ ಮುಖವೂ ಸಡಿಲಗೊಳ್ಳುತ್ತಿತ್ತು, ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು, ಇನ್ನಾರೋ ಪಕ್ಕದವನ ಭುಜ ತಟ್ಟಿದರು. ಹುಳುಕು ಸಿಕ್ಕಿತು, ತಮ್ಮ ಮನೆಯದಲ್ಲ. ತನ್ನ ಮಗನ ಸಾವು ಇಷ್ಟು ಜನರಿಗೆ ಸಮಾಧಾನ ತಂದದ್ದನ್ನು ಇತ್ರಾನ್ ನಿಂತು ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಅಬೀಷೂರ್ ಚೀಲದಲ್ಲಿ ಕೈಯಾಡಿಸಿ ಒಂದು ಬೆಳ್ಳಿ ತೆಗೆದು ಚಾಚಿದ. “ತಗೋ. ಸತ್ತೋನಿಗೆ ಈಡಿಲ್ಲ. ಅವನನ್ನ ಎಣಿಸೋ ಹಕ್ಕು ಯಾರಿಗೂ ಇಲ್ಲ, ಮೇಲಿನವನು ಎಣಿಸಿಕೊಂಡಾಯ್ತು.”

ಚೀಲದೊಳಗಿನ ಬೆಳ್ಳಿಗಳೆಲ್ಲ ಒಂದೇ ತೂಕ, ಒಂದೇ ಬೂದು ಬಣ್ಣ. ಇದು ಹೆಲಾಳ ಬಳೆಯದು ಎಂದು ಮುದುಕನಿಗೆ ಹೇಗೆ ಗೊತ್ತಾಯಿತು? ಗೊತ್ತಾಗಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತೆಗೆದಿದ್ದ. ಇದು ತೀಲೋನನದಿರಬಹುದು, ಮುದುಕನದೇ ಇರಬಹುದು. ಯಾರ ಮುಖದ ಮುಂದಿನ ಅಂಗೈಯನ್ನು ಕಿತ್ತು ತನ್ನ ಕೈಗೆ ಕೊಟ್ಟರೋ. ಇತ್ರಾನ್ ತೆಗೆದುಕೊಂಡ. ತೀಲೋನ್ ಎದುರಿಗೆ ಬಂದು ನಿಂತ. ಹೊಡೆಯುತ್ತಾನೆ ಎಂದು ಇತ್ರಾನ್ ಕಾದ.

“ಅವತ್ತೇ ಹೇಳಿದ್ರೆ ಎಲ್ಲ ಕೂತು ಅತ್ತು ಮುಗಿಸ್ತಿದ್ವಲ್ಲೋ ಬೀಗ,” ಎಂದ ತೀಲೋನ್. “ಹುಡುಗೀನ ಇನ್ನೊಬ್ಬನಿಗೆ ಕೊಡ್ತಿದ್ದೆ. ಒಂದು ಮಗುನಾದ್ರೂ ನೋಡಿರ್ತಿದ್ಲು.” ಅಷ್ಟು ಹೇಳಿ ತನ್ನ ಗಂಡುಮಕ್ಕಳನ್ನು ಕರೆದುಕೊಂಡು ಹೋದ. ಬಾವಿಯ ಬಳಿ ನಿಂತಿದ್ದ ಹೆಂಗಸರು ಆಗಲೇ ಅಲ್ಲಿರಲಿಲ್ಲ, ಕೊಡಗಳು ಮಾತ್ರ ಇದ್ದವು.

ಅವನು ಹೊಲಗಳ ಕಡೆಯಿಂದ ಸುತ್ತಿ ಮನೆಗೆ ಬಂದ. ಕೊಯ್ಲಿಗೆ ಬಂದ ಜವೆಗೋದಿ ಕೊಯ್ಯುವವರಿಲ್ಲದೆ ಬಾಗಿತ್ತು. ನಡೆಯುತ್ತ ಒಂದು ಬಗೆಯ ಹಗುರತನ ಮೈಗೆ ಬಂತು, ಅದಕ್ಕೆ ಅವನು ನಾಚಿದ, ನಾಚಿದರೂ ಅದು ಹೋಗಲಿಲ್ಲ. ಬಾಗಿಲು ತೆರೆದಿತ್ತು. ಹೆಲಾ ಗೋಡೆಗೊರಗಿ ಕೂತು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದಳು. ಕೂದಲು ನೆನೆದು ಕೆನ್ನೆಗೆ ಅಂಟಿತ್ತು, ಅಂಗಿಯೆಲ್ಲ ಒದ್ದೆ. ಅವನು ಓಡಿ ಹೋಗಿ ಹಣೆ ಮುಟ್ಟಿದ. ತಣ್ಣಗಿತ್ತು. ಅವನ ಕಣ್ಣಲ್ಲಿ ನೀರು ಬಂತು, ಸುಮ್ಮನೆ ಸಂತೋಷಕ್ಕೆ ಬಂದದ್ದು.

“ನೀವು ಹೊಸ್ತಿಲು ದಾಟಿದ್ರಿ ಅಷ್ಟೇ,” ಎಂದಳು ಹೆಲಾ, “ಬೆವರು ಕಿತ್ಕೊಂಡು ಬಂತು ನೋಡಿ. ತೀಲೋನಣ್ಣ ಓಣೀಲಿ ನಿಮ್ಮನ್ನ ಮಾತಾಡಿಸ್ತಿದ್ದದ್ದು ಕೇಳಿಸ್ತಿತ್ತು, ಆಗ್ಲೇ ಮೈ ಹಗುರಾಗಿತ್ತು.”

ಅಂದರೆ ಹೇಳುವುದಕ್ಕೆ ಮುಂಚೆಯೇ. ಚೂರು ಕೈಯಲ್ಲಿದ್ದಾಗ, ಸುಳ್ಳು ಇನ್ನೂ ಸುಳ್ಳಾಗಿಯೇ ಇದ್ದಾಗ. ಇತ್ರಾನ್ ನೆಲದ ಮೇಲೆ ಕೂತ. ಹಾಗಾದರೆ ಜ್ವರ ಯಾತರದು? ಯಾರ ಲೆಕ್ಕದ್ದು? ಕೇಳಬೇಕಾದವನು ಮೇಲೆ ಎಲ್ಲೋ ತನ್ನ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿಕೊಂಡಿದ್ದ.

“ಅವನ ಈಡು ನನ್ನನ್ನೂ ಮುಚ್ಚಿತು ಅಂತ ಕಾಣುತ್ತೆ,” ಹೆಲಾ ರೊಟ್ಟಿಯ ಚೂರನ್ನು ಅವನಿಗೆ ನೀಡಿದಳು. “ನಮಗೆ ಬೇರೆ ಇಲ್ವಲ್ಲ, ಮಕ್ಕಳದ್ರಲ್ಲೇ ನಮ್ಮದೂ. ತಿನ್ನಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು. ಕೆಂಪು ಗೆರೆದು ಇಟ್ರಾ?”

ಅವನು ಬಾಯಿ ತೆರೆದ. ಆಗ ಓಣಿಯ ಕೊನೆಯಿಂದ ಅಳು ಕೇಳಿಸಿತು. ಹೆಂಗಸರದು, ಗುಂಪಿನದು, ಒಬ್ಬಳು ಎತ್ತಿ ಉಳಿದವರು ಹಿಡಿಯುವ, ಸಾವಿನ ಮನೆಗೆ ಹೋಗುವಾಗಿನ ಅಳು. ಹೆಲಾ ಕಿವಿಗೊಟ್ಟಳು.

“ಅಯ್ಯೋ ಪಾಪ. ಯಾರ ಮನೇಲಿ?”

“ಹೆಲಾ, ನೀನು ಮಲಕ್ಕೋ.”

“ನಾರಾ ಹೋದಾಗಲೂ ಹೋಗೋಕಾಗ್ಲಿಲ್ಲ ನಂಗೆ. ನಮ್ಮವ್ವ ಸತ್ತಾಗ ಊರೆಲ್ಲ ಬಂದಿತ್ತು.” ಅವಳು ಗೋಡೆ ಹಿಡಿದು ಎದ್ದಳು. “ನನ್ನ ಮುಸುಕು ಕೊಡಿ. ಆ ಗೂಟದ ಮೇಲಿದೆ.”

“ಹೆಲಾ.”

“ದೂರ ಹೋಗಲ್ಲ. ಬಾಗಿಲಲ್ಲಿ ನಿಂತು, ಅವರು ಬಂದ ಮೇಲೆ ನಾಲ್ಕು ಹೆಜ್ಜೆ ಜೊತೆಗೆ ಹೋಗಿ ಬರ್ತೀನಿ. ಕೊಡ್ರೀ.”

ಅವನು ಕೊಟ್ಟ. ಏಕೆ ಕೊಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಮುಸುಕು ಕೇಳಿದಳು, ಕೊಟ್ಟ. ಅವಳು ಹೊದ್ದು, ಅಂಚನ್ನು ಹಲ್ಲಲ್ಲಿ ಕಚ್ಚಿ, ಹೊಸ್ತಿಲ ಮೇಲೆ ನಿಂತು, ಅವರು ಹತ್ತಿರ ಬರಲೆಂದು ಕಾದಳು. ಪರರ ದುಃಖಕ್ಕೆ ತಕ್ಕ ಮುಖ ಮಾಡಿಕೊಂಡಿದ್ದಳು. ಅಳು ತೀಲೋನನ ಮನೆ ದಾಟಿತು, ಕುಂಬಾರನ ಮನೆ ದಾಟಿತು. ಮುಂದೆ ಇದ್ದವಳು ತೀಲೋನನ ಹೆಂಡತಿ, ಮಗಳ ಸೂತಕದ ಹರಿದ ಬಟ್ಟೆಯಲ್ಲೇ ಬಂದಿದ್ದಳು. ಹೊಸ್ತಿಲ ಮೇಲೆ ತಮ್ಮ ಜೊತೆ ಹೊರಡಲು ನಿಂತಿದ್ದ ಹೆಲಾಳನ್ನು ಕಂಡು ಅವಳ ಅಳು ಗಂಟಲಲ್ಲೇ ನಿಂತಿತು. ಹಿಂದಿನವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು.

“ಯಾರ ಮನೇಲಿ ಅಕ್ಕಾ?” ಎಂದಳು ಹೆಲಾ.

ಹೆಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅವರು ಒಬ್ಬೊಬ್ಬರೂ ಕಣ್ಣು ಕೆಳಗೆ ಹಾಕಿದರು. ಅವಳು ತಿರುಗಿ ಒಳಗೆ ನೋಡಿದಳು.

“ಅವನು ಒಂಟೆಯೋರ ಜೊತೆ ಹೋಗ್ಲಿಲ್ಲ,” ಎಂದ ಇತ್ರಾನ್. “ಉಪ್ಪು ಮುರೀತು. ಕೆಳಗೆ ಹೊಂಡ ಇತ್ತು.”

ಹೆಲಾ ಹಲ್ಲಲ್ಲಿ ಕಚ್ಚಿದ್ದ ಮುಸುಕಿನ ಅಂಚನ್ನು ಬಿಟ್ಟಳು. ಬೀಳುತ್ತಾಳೆಂದು ಇಬ್ಬರು ಮುಂದೆ ಬಂದರು. ಬೀಳಲಿಲ್ಲ. ತುಂಬ ದೂರದಿಂದ ಕೇಳಿದಂತೆ ಕೇಳಿದಳು, “ಕೂಗಿದ್ನಾ?”

“ಕೂಗ್ದ.”

“ಅವ್ವಾ ಅಂದ್ನಾ?”

ಸುಮ್ಮನೆ ತಲೆಯಾಡಿಸಿದರೆ ಸಾಕಾಗಿತ್ತು. ತೀಲೋನನ ಹೆಂಡತಿ ಕಣ್ಣೆತ್ತಿ ಅವನನ್ನೇ ನೋಡುತ್ತಿದ್ದಳು, ಹೂಂ ಅನ್ನು, ಅಷ್ಟಾದರೂ ಕೊಡು ಎಂದು ಆ ನೋಟ ಬೇಡುತ್ತಿತ್ತು. ಅವನ ಕತ್ತು ತಾನಾಗಿಯೇ ಅಲುಗುವುದರಲ್ಲಿತ್ತು.

“ಇಲ್ಲ,” ಎಂದ. “ಅಪ್ಪಾ ಅಂದ. ಹಗ್ಗ ಕೇಳ್ದ. ನಾನು ಕತ್ತೆ ಕಟ್ತಾ ಇದ್ದೆ.”

ಹೆಲಾ ಹೊಸ್ತಿಲ ಮೇಲೆ ಕೂತಳು. ಹೆಂಗಸರು ಬಂದು ಅವಳ ಸುತ್ತ ಕೂತರು, ಒಬ್ಬಳು ಅವಳ ಅಂಗಿಯನ್ನು ಎದೆಯ ಬಳಿ ಹರಿದಳು, ಇನ್ನೊಬ್ಬಳು ಒಲೆಯಿಂದ ಬೂದಿ ತರಲು ಇತ್ರಾನನ ಪಕ್ಕದಿಂದಲೇ ಒಳಗೆ ಹೋಗಿ ಬಂದಳು. ಬಾಗಿಲು ಪೂರ್ತಿ ತುಂಬಿಹೋಯಿತು. ಅವನಿಗೆ ಹೊರಗೆ ಬರಲು ದಾರಿ ಇರಲಿಲ್ಲ, ದಾರಿ ಬಿಡಿ ಎಂದು ಕೇಳಲೂ ಇಲ್ಲ.